ದಶರಥನ ಫಟಾಫಟ್ ಕೋಳಿ

ದಶರಥ ಹುಟ್ಟಿದ್ದು ಎತ್ತಿನ ಬಂಡಿಯಲ್ಲಿ. ಹೆರಿಗೆ ನೋವು ಶುರುವಾದ ಅವನ ತಾಯಿಯನ್ನು ಜಿಡಗಾದಿಂದ ಆಳಂದದ ದವಾಖಾನೆಗೆ ಕರೆದುಕೊಂಡು ಹೊರಟಿದ್ದರು. ಊರ ಹೊರಗಿನ ಹಳ್ಳ ದಾಟುವಷ್ಟರಲ್ಲಿ ಕೂಸು ಹೊರಗೆ ಬಂದು ಅಳತೊಡಗಿತ್ತು. ಬಂಡಿ ಹೊಡೆಯುತ್ತಿದ್ದ ಅವನ ಅಪ್ಪ ಹಿಂದೆ ತಿರುಗಿ ನೋಡಿ, "ಇಷ್ಟ್ಯಾಕ ಅವಸರ ಮಾಡ್ತು ಇದು" ಎಂದನಂತೆ. ಮುಂದೆ ಜೀವಮಾನವಿಡೀ ದಶರಥ ಬೇರೆ ಬೇರೆ ಬಾಯಿಗಳಿಂದ ಕೇಳಿದ್ದು ಅದೊಂದೇ ಮಾತನ್ನು.

ಓದು ಅವನಿಗೆ ನಿಧಾನವೆನಿಸಿತು. ಪುಸ್ತಕದ ಕೊನೆಯ ಹಾಳೆ ಮೊದಲು ಓದಿ ಮುಗಿಸಿ ಮನೆಗೆ ಹೋಗುತ್ತೇನೆಂದು ಹಟ ಹಿಡಿಯುತ್ತಿದ್ದ. ಮಾಸ್ತರರು ಸೋತು ಕಳಿಸಿಬಿಟ್ಟರು. ಆಮೇಲೆ ಜೇವರ್ಗಿಯಲ್ಲಿ ಮಹಮ್ಮದ ಉಸ್ತಾದರ ಸೈಕಲ್ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದ. ಉಸ್ತಾದರು ಒಂದು ಪಂಕ್ಚರ್ ತೆಗೆಯುವಷ್ಟರಲ್ಲಿ ಇವನು ನಾಲ್ಕು ತೆಗೆಯುತ್ತಿದ್ದ. ಆ ನಾಲ್ಕರಲ್ಲಿ ಮೂರು ಸಂಜೆಯೊಳಗೆ ವಾಪಸು ಬರುತ್ತಿದ್ದವು. ಒಮ್ಮೆ ಒಬ್ಬರ ಸೈಕಲ್ಲು ಪೂರಾ ಬಿಚ್ಚಿ ತೊಳೆದು ಜೋಡಿಸಿ, ಎಣ್ಣೆ ಬಿಟ್ಟು, ಗಂಟೆ ಬಾರಿಸಿ ತೋರಿಸಿ ಕಳಿಸಿಕೊಟ್ಟ. ಅವರು ಇಳಿಜಾರಿನಲ್ಲಿ ಹೋಗುತ್ತ ಹೋಗುತ್ತ ಒಂದೇ ಸಮನೆ ಗಂಟೆ ಬಾರಿಸುತ್ತಿರುವುದು ಕೇಳಿಸಿತು. ಬ್ರೇಕಿನ ತಂತಿ ಇನ್ನೂ ಅಂಗಡಿಯ ಮೊಳೆಗೇ ನೇತಾಡುತ್ತಿತ್ತು. ಪುಣ್ಯಕ್ಕೆ ಇಳಿಜಾರಿನ ಕೊನೆಗೆ ಒಬ್ಬ ರೈತನ ಕಣಕಿಯ ಬಣವೆ ಇತ್ತು.

"ಬೇಟಾ," ಎಂದರು ಉಸ್ತಾದರು, "ಸೈಕಲ್ ಓಡಾಕ ಬಿಡು. ನೀ ಜರಾ ಕುಂದ್ರು."

ದಶರಥ ಕೂಡಲಿಲ್ಲ. ಮಣ್ಣೂರಿನ ಹೀರಾಬಾಯಿಯ ಜೊತೆ ಅವನ ಲಗ್ನವಾಯಿತು. ಆ ದಿನವೂ ಮಂದಿ ಕೈಯಲ್ಲಿ ಅಕ್ಕಿಕಾಳು ಹಿಡಿದು ಮಂಗಳಾಷ್ಟಕ ಮುಗಿಯುವುದನ್ನು ಕಾಯುತ್ತಿದ್ದಾಗಲೇ ಇವನು ತಾಳಿ ಕಟ್ಟಿ, ಕೈ ಝಾಡಿಸಿ, ಊಟಕ್ಕೆ ಎಲ್ಲಿ ಕೂಡಬೇಕೆಂದು ಕೇಳುತ್ತಿದ್ದ. ಅಕ್ಕಿಕಾಳು ಹಿಡಿದವರಿಗೆ ಏನು ಮಾಡಬೇಕೆಂದು ತಿಳಿಯದೆ, ಪಂಕ್ತಿಯಲ್ಲಿ ಅವನು ಉಣ್ಣಲು ಕುಳಿತಾಗ ಹಿಂದಿನಿಂದ ಬಂದು ತಲೆಯ ಮೇಲೆ ಹಾಕಿ ಹೋದರು. ಹೀರಾಬಾಯಿ ತಲೆ ತಗ್ಗಿಸಿಕೊಂಡೇ ನಕ್ಕಳಂತೆ.

ಲಗ್ನದ ನಂತರ ಅವನು ಅಫಜಲಪುರದಲ್ಲಿ, ಬಸ್ ನಿಲ್ದಾಣದಿಂದ ಕೂಗಳತೆಯ ಓಣಿಯಲ್ಲಿ, ತನ್ನದೇ ಸೈಕಲ್ ಅಂಗಡಿ ಹಾಕಿದ. ಹಿಂದೆ ಮನೆ, ಮುಂದೆ ಅಂಗಡಿ. 'ಫಟಾಫಟ್ ಸೈಕಲ್ ಅಂಗಡಿ' ಎಂದು ಪೇಂಟರನಿಂದ ಬೋರ್ಡು ಬರೆಸಿದ. ಬಣ್ಣ ಒಣಗುವವರೆಗೆ ತಡೆಯದೆ ಬಗಲಲ್ಲಿ ಇಟ್ಟುಕೊಂಡು ಬಂದಿದ್ದರಿಂದ ಮೊದಲ ಪದದ ಕೊನೆಯ 'ಟ್' ಅವನ ಅಂಗಿಗೆ ಅಂಟಿತು. ಬೋರ್ಡಿನ ಮೇಲೆ 'ಫಟಾಫ ಸೈಕಲ್ ಅಂಗಡಿ' ಎಂದು ಉಳಿಯಿತು. ಓಣಿಯ ನಾವೆಲ್ಲ ಅವನನ್ನು ಫಟಾಫ ಎಂದೇ ಕರೆಯತೊಡಗಿದೆವು.

ಹೀರಾಬಾಯಿ ಅವನ ತದ್ವಿರುದ್ಧ. ಅವಸರ ಎಂಬುದನ್ನು ಅವಳು ಗಂಡನಲ್ಲಿ ನೋಡಿದ್ದೇ ಹೊರತು ಸ್ವತಃ ಅನುಭವಿಸಿದವಳಲ್ಲ. ಅಕ್ಕಿಯ ಕಲ್ಲು ಆರಿಸಲು ಕುಳಿತಳೆಂದರೆ ಒಂದೊಂದು ಕಲ್ಲನ್ನೂ ಬೆಳಕಿಗೆ ಹಿಡಿದು ನೋಡಿ ಆಮೇಲೆ ಒಗೆಯುತ್ತಿದ್ದಳು. ಅವಳು ಕೋಳಿ ಸಾರು ಮಾಡುವುದೆಂದರೆ ಹಬ್ಬಕ್ಕೆ ಸಮ. ಕೊತ್ತಂಬರಿ ಬೀಜ ಬೇರೆ, ಒಣ ಕೊಬ್ಬರಿ ಬೇರೆ, ಗಸಗಸೆ ಬೇರೆ ಹುರಿಯಬೇಕು. ಹುರಿದದ್ದು ಆರಬೇಕು. ಆರಿದ್ದನ್ನು ಕಲ್ಲಿನ ಮೇಲೆ ಬೆಣ್ಣೆಯಾಗುವ ಹಾಗೆ ಅರೆಯಬೇಕು. ಒಲೆಯ ಮೇಲೆ ಗಡಿಗೆ ಕುದಿಯುತ್ತಿದ್ದರೆ ಅವಳು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂಡುತ್ತಿದ್ದಳು. ಮಧ್ಯಾಹ್ನದ ಊಟ ಬೇಕಿದ್ದರೆ ಮುಂಜಾನೆ ಹೇಳಬೇಕು. ಮುಂಜಾನೆಯ ಊಟ ಬೇಕಿದ್ದರೆ ಆ ಮಾತನ್ನೇ ಬಿಡಬೇಕು.

ಈ ಇಬ್ಬರ ಸಂಸಾರ ಚೆನ್ನಾಗಿಯೇ ಸಾಗಿತ್ತು. ಹೀರಾಬಾಯಿಗಿದ್ದ ಸಂಕಟ ಒಂದೇ, ಅದು ಅವಳ ತಮ್ಮ ಅಂಬಾರಾಯನದು.

ಅಂಬಾರಾಯ ಮಣ್ಣೂರಿನಲ್ಲಿ ಒಕ್ಕಲುತನ ಮಾಡಿಕೊಂಡಿದ್ದ. ಸಂತೆಯ ದಿನ ತಪ್ಪದೆ ಅಫಜಲಪುರಕ್ಕೆ ಬಂದು, ಬದನೆಕಾಯಿಯ ಚೀಲ ಹಿಡಿದುಕೊಂಡು ಅಕ್ಕನ ಮನೆಗೂ ಬರುತ್ತಿದ್ದ. ಬಂದವನು ಹಗ್ಗ ಹೆಣೆದ ಹೊರಸಿನ ಅಂಚಿಗೆ ಕೂಡುತ್ತಿದ್ದ. ತಲೆಗೆ ಸುತ್ತಿದ ಪಟಗಾ ಬಿಚ್ಚುತ್ತಿರಲಿಲ್ಲ, ಚಪ್ಪಲಿ ಪೂರ್ತಿ ಕಳೆಯುತ್ತಿರಲಿಲ್ಲ, ಒಂದು ಕಾಲು ಯಾವಾಗಲೂ ಬಾಗಿಲ ಕಡೆಗೇ ಇರುತ್ತಿತ್ತು. ಚಹಾವನ್ನು ಬಶಿಗೆ ಸುರಿದು, ಊದಿ, ಕುಡಿದು ಎದ್ದುಬಿಡುತ್ತಿದ್ದ.

"ಉಂಡು ಹೋಗೋ ಅಂಬಾ," ಎನ್ನುತ್ತಿದ್ದಳು ಹೀರಾಬಾಯಿ.

"ಇಲ್ಲಕ್ಕಾ, ಎಮ್ಮಿ ಹಿಂಡೋದದ. ನಾ ಕುಂತ್ರನ ಅದು ಹಾಲು ಬಿಡ್ತದ. ಬ್ಯಾರೆಯವರು ಹೋದ್ರ ಒದಿತದ."

"ಮಾಳಮ್ಮಗ ಹೇಳಿ ಬರಬಾರದೇನು?"

"ಅಕಿಗಿ ಆ ಎಮ್ಮಿ ಸಮೀಪ ಸೈತ ಬರಗೊಡಂಗಿಲ್ಲ."

ಮಾಳಮ್ಮ ಅವನ ಹೆಂಡತಿ. ಆ ಎಮ್ಮೆಯ ಕಾರಣದಿಂದ ಅಂಬಾರಾಯ ತನ್ನ ಅಕ್ಕನ ಮನೆಯಲ್ಲಿ ಒಮ್ಮೆಯೂ ಅನ್ನ ಉಂಡಿರಲಿಲ್ಲ. ಅವನು ಮಧ್ಯಾಹ್ನದ ಬಸ್ಸು ಹತ್ತಿ ಹೋದಮೇಲೆ ಹೀರಾಬಾಯಿ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ದಶರಥ ಪಂಕ್ಚರ್ ತೆಗೆಯುತ್ತಲೇ ನೋಡುತ್ತಿದ್ದ. ಅವನಿಗೂ ಕೆಟ್ಟದೆನಿಸುತ್ತಿತ್ತು. ಆ ನೋಡುವಿಕೆಯಲ್ಲಿ ಇನ್ನೊಂದು ಪಂಕ್ಚರ್ ಕೆಡುತ್ತಿತ್ತು.

ಎಂಬತ್ತೊಂಬತ್ತನೆಯ ಇಸವಿಯ ಚಳಿಗಾಲದಲ್ಲಿ ದಶರಥ ಟೈರು, ಟ್ಯೂಬು ತರಲು ಸೊಲ್ಲಾಪುರಕ್ಕೆ ಹೋದ. ಅಲ್ಲಿ ರೈಲು ನಿಲ್ದಾಣದ ಹತ್ತಿರ ಒಂದು ಕೈಗಾಡಿಯ ಸುತ್ತ ಮಂದಿ ಮುತ್ತಿದ್ದರು. ಗಾಡಿಯವನು ಭರ್ ಎಂದು ಉರಿಯುವ ಬೆಂಕಿಯ ಮೇಲೆ ಅಗಲವಾದ ಗುಂಡುತಳದ ಕಬ್ಬಿಣದ ಬಾಣಲೆ ಇಟ್ಟಿದ್ದ. ಅದಕ್ಕೆ ಎಣ್ಣೆ, ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಕೋಳಿಯ ತುಂಡು. ಆಮೇಲೆ ತರಕಾರಿ: ಪತ್ತಾಗೋಬಿ, ಗಜ್ಜರಿ, ಡಬ್ಬು ಮೆಣಸಿನಕಾಯಿ. ಒಂದು ಸೀಸೆಯಿಂದ ಎಂಥದೋ ಕರಿ ನೀರು. ಎಲ್ಲವನ್ನೂ ಗಾಳಿಯಲ್ಲಿ ಹಾರಿಸಿ ಹಾರಿಸಿ ಹಿಡಿದು, ತಾಟಿಗೆ ಸುರಿದು, ಮುಂದಿನವನಿಗೆ ಶುರುಮಾಡಿದ. ಬೀಡಿ ಹಚ್ಚಿದ ಮನುಷ್ಯ ಅರ್ಧ ಬೀಡಿ ಸೇದುವಷ್ಟರಲ್ಲಿ ಕೋಳಿಯ ಅಡುಗೆ ಮುಗಿದಿತ್ತು.

ದಶರಥನ ಕಣ್ಣಲ್ಲಿ ನೀರು ಬಂತು. ಇಡೀ ಜಗತ್ತಿನಲ್ಲಿ ತನ್ನಂಥವನು ಇನ್ನೊಬ್ಬ ಇದ್ದಾನೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಒಂದು ತಾಟು ತಿಂದ, ಇನ್ನೊಂದು ತಿಂದ. "ಹ್ಯಾಂಗ ಮಾಡ್ತೀರಿ ಇದನ್ನ" ಎಂದು ಕನ್ನಡದಲ್ಲಿ, ಮರಾಠಿಯಲ್ಲಿ, ಕೊನೆಗೆ ಕೈಸನ್ನೆಯಲ್ಲಿ ಕೇಳಿದ. ಬೆಂಕಿಯ ಸದ್ದಿನಲ್ಲಿ ಆ ಮನುಷ್ಯನಿಗೆ ಏನೂ ಕೇಳಿಸಲಿಲ್ಲ, ಮೂರನೆಯ ತಾಟು ಕೊಟ್ಟ. ದಶರಥ ಅದನ್ನೂ ತಿಂದು, ಡಬ್ಬು ಮೆಣಸಿನಕಾಯಿ ಕೊಂಡು, ಟೈರು ಟ್ಯೂಬು ಕೊಳ್ಳುವುದನ್ನು ಮರೆತು ಊರಿಗೆ ಬಂದ.

ಮನೆಗೆ ಬಂದವನು ಹೊಸ್ತಿಲು ದಾಟುವ ಮೊದಲೇ, "ಹೀರಾ, ಬರೋ ಸಂತಿಗಿ ನಿನ್ನ ತಮ್ಮ ಉಂಡೇ ಹೋಗ್ತಾನ" ಎಂದ.

"ಅದ್ಹ್ಯಾಂಗ್ರಿ? ನನ್ನ ಕೋಳಿ ಬೇಯೋದ್ರಾಗ ಅವ ಮಣ್ಣೂರದಾಗ ಎಮ್ಮಿ ಹಿಂಡಿ ಮುಗಿಸಿರ್ತಾನ."

"ಬೇಯಿಸೋದಲ್ಲ ಬೇ, ಹುರಿಯೋದು. ನಾ ಮಾಡ್ತೇನಿ. ಅವ ಚಾ ಕುಡಿಯೋದ್ರಾಗ ಕೋಳಿ ತಾಟಿನ್ಯಾಗ ಇರ್ತದ."

ಹೀರಾಬಾಯಿ ಅವನು ತಂದ ಡಬ್ಬು ಮೆಣಸಿನಕಾಯಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಮಾಡ್ರಿ," ಎಂದಳು. "ಅಂಗಳದಾಗ ಮಾಡ್ರಿ. ಅಡಗಿಮನಿಗಿ ಬರಬ್ಯಾಡ್ರಿ."

ಕರಿ ನೀರಿಗಾಗಿ ದಶರಥ ಓಣಿಯ ಮೂಲೆಯ ಜಗದೇವಪ್ಪನವರ ಕಿರಾಣಿ ಅಂಗಡಿಗೆ ಹೋದ. ಜಗದೇವಪ್ಪನವರು ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿಯೇ ಅಂಗಡಿ ತೆಗೆಯುವವರು. ಅವರ ಮನೆತನದಲ್ಲಿ ಯಾರೂ ಕೋಳಿಯ ಮೊಟ್ಟೆಯನ್ನೂ ಮುಟ್ಟಿದವರಲ್ಲ.

"ಸಾಹುಕಾರ್ರ, ಕರೀ ನೀರು ಅದ ಏನ್ರಿ? ಸೀಸೆದಾಗ ಇರ್ತದ. ಸ್ವಲ್ಪ ಉಪ್ಪು, ಸ್ವಲ್ಪ ಹುಳಿ. ಬೆಂಕಿ ಮ್ಯಾಲ ಹಾಕಿದ ಕೂಡ್ಲೆ ಭುಸ್ ಅಂತದ."

ಜಗದೇವಪ್ಪನವರು ಯೋಚಿಸಿ ಮೂರು ಸೀಸೆ ತೆಗೆದು ಸಾಲಾಗಿ ಇಟ್ಟರು. "ಇದು ಶಾಯಿ. ಇದು ಕೂದಲಿಗಿ ಹಚ್ಚೋ ಬಣ್ಣ. ಇದು ಹೊಟ್ಟಿನೋವಿನ ಅರಿಷ್ಟ. ಕರೀದು ನನ್ನ ಬಲ್ಲಿ ಇಷ್ಟ ಅದ. ಯಾತಕ್ಕ ಬೇಕಾಗಿತ್ತು?"

"ಕೋಳಿಗಿ."

"ಕೂದಲ ಬಣ್ಣ ಬ್ಯಾಡ ಹಂಗಾದ್ರ," ಎಂದು ಅವರು ಅದನ್ನು ಹಿಂದಕ್ಕೆ ಇಟ್ಟರು. ದಶರಥ ಸೊಲ್ಲಾಪುರದ ಸಂಗತಿ ಎಲ್ಲ ಹೇಳಿದ ಮೇಲೆ ಅವರಿಗೂ ಹುರುಪು ಬಂತು. "ನೋಡಪ, ಕೋಳಿ ವಿಷಯದಾಗ ನಾ ಬಾಯಿ ಹಾಕಂಗಿಲ್ಲ. ಆದ್ರ ಕರೀ ನೀರಿಂದು ಹೇಳ್ತೇನಿ. ಹುಣಸಿ ಹುಳಿ ಕುದಿಸು. ಬೆಲ್ಲ ಹಾಕು, ಸ್ವಲ್ಪ ಹೊತ್ತಲಿ. ಮ್ಯಾಲ ಗುರೆಳ್ಳ ಪುಡಿ ಹಾಕು. ಅದಕ್ಕಿಂತ ಕರೀದು ಯಾವುದಿರ್ತದ?" ಸ್ವಲ್ಪ ತಡೆದು ಮೆಲ್ಲಗೆ ಹೇಳಿದರು: "ಬರೀ ಕಾಯಿಪಲ್ಯದ್ದು ಬ್ಯಾರೆ ಪಾತ್ರೆದಾಗ ಒಂದಿಷ್ಟು ಮಾಡಿದ್ರ, ನನಗೂ ಕಳಸು."

ಬಾಣಲೆಯ ಚಿಂತೆ ದಶರಥನಿಗೆ ಇರಲೇ ಇಲ್ಲ. ಸೊಲ್ಲಾಪುರದ ಗಾಡಿಯವನ ಬಾಣಲೆ ನೋಡಿದ ಕ್ಷಣವೇ ಅವನಿಗೆ ಇದನ್ನು ಎಲ್ಲಿಯೋ ನೋಡಿದ್ದೇನೆ ಎನಿಸಿತ್ತು. ಗೌಂಡಿಗಳು ಸಿಮೆಂಟು ಹೊರುವ ಕಬ್ಬಿಣದ ಘಮೇಲಾ ಒಂದು ಅವನ ಅಂಗಡಿಯಲ್ಲಿತ್ತು. ಅದರಲ್ಲಿ ನೀರು ತುಂಬಿ, ಗಾಳಿ ಹೊಡೆದ ಟ್ಯೂಬನ್ನು ಮುಳುಗಿಸಿ, ಗುಳ್ಳೆ ಎಲ್ಲಿ ಏಳುತ್ತದೆಂದು ನೋಡಿ ಪಂಕ್ಚರ್ ಹುಡುಕುತ್ತಿದ್ದ. ಅಗಲ ಅದೇ, ಗುಂಡುತಳವೂ ಅದೇ. ಬೂದಿ ಹಚ್ಚಿ, ಹುಣಸೆಹುಳಿ ಹಚ್ಚಿ, ಮತ್ತೆ ಬೂದಿ ಹಚ್ಚಿ ಅದನ್ನು ತಿಕ್ಕಿದ. ಹೀರಾಬಾಯಿ ಮೂಸಿ ನೋಡಿ ಇನ್ನೊಮ್ಮೆ ತಿಕ್ಕಿಸಿದಳು.

ಇನ್ನು ಕೋಳಿ. ಆಗ ಅಫಜಲಪುರದಲ್ಲಿ ಅಂಗಡಿಯ ಬಿಳಿ ಕೋಳಿ ಬಂದಿರಲಿಲ್ಲ, ಇದ್ದದ್ದೆಲ್ಲ ಓಣಿಯಲ್ಲಿ ತಿರುಗಾಡುವ ಜವಾರಿ ಕೋಳಿ. ಪಕ್ಕದ ಮನೆಯ ಗೌಸಿಯಾಬೇಗಂ ಹತ್ತಾರು ಕೋಳಿ ಸಾಕಿದ್ದಳು. ಅವುಗಳ ಮೇಲೆ 'ಜಮಾದಾರ' ಎಂಬ ಹುಂಜದ ದರ್ಬಾರು. ಕೆಂಪು ಜುಟ್ಟು ಒಂದು ಕಡೆ ವಾಲಿದ, ಕಾಲಿಗೆ ಬೆರಳುದ್ದದ ಮುಳ್ಳಿದ್ದ ಹುಂಜ ಅದು. ಓಣಿಯಲ್ಲಿ ಯಾವ ನಾಯಿಯೂ ಅದರ ಎದುರಿಗೆ ಬರುತ್ತಿರಲಿಲ್ಲ. ಸಂತೆಯ ದಿನ ಬೆಳಿಗ್ಗೆ ದಶರಥ ಗೌಸಿಯಾಬೇಗಂಳ ಅಂಗಳಕ್ಕೆ ಹೋಗಿ ಎಲ್ಲ ಕೋಳಿಗಳನ್ನೂ ಒಮ್ಮೆ ಬೆದರಿಸಿದ. ಎಲ್ಲವೂ ಓಡಿದವು. ಎಲ್ಲಕ್ಕಿಂತ ಜೋರಾಗಿ ಓಡಿದ್ದು ಜಮಾದಾರ.

"ಅದನ್ನೇ ಕೊಡ್ರಿ ಆಪಾ," ಎಂದ.

ಗೌಸಿಯಾಬೇಗಂ ಬಾಯಿಗೆ ಸೆರಗು ಹಿಡಿದಳು. "ಅರೇ ಭಾಯಿ, ಅದು ಬ್ಯಾಡ್ರಿ. ನನ್ನ ಮಗಳ ನಿಕಾಹಕ್ಕ ಕೊಯ್ಯಬೇಕಂತ ಸಾಕಿದ್ದು. ಆವಾಗ ಕೈಗಿ ಸಿಗಲಿಲ್ಲ. ಈಗ ಮಗಳ ಮಕ್ಕಳು ಸಾಲಿಗಿ ಹೋಗಾಕತ್ತಾರ. ಎಳೇ ಪಿಲ್ಲಿ ಒಂದು ತೊಗೊಂಡು ಹೋಗ್ರಿ."

"ಪಿಲ್ಲಿ ಓಡೋದು ನೋಡೀರೇನು? ಏನೂ ದಮ್ ಇಲ್ಲ. ಜಲ್ದಿ ಓಡೋದು ಜಲ್ದಿ ಬೇಯ್ತದ."

ಗೌಸಿಯಾಬೇಗಂ ಹಣೆ ಚಚ್ಚಿಕೊಂಡಳು. ಜಮಾದಾರ ಸಿಕ್ಕರೆ ತೆಗೆದುಕೊಂಡು ಹೋಗಲು ಹೇಳಿ ಒಳಗೆ ಹೋದಳು.

ಆಮೇಲೆ ಓಣಿಯಲ್ಲಿ ನಡೆದದ್ದನ್ನು ನಾವೆಲ್ಲ ನಮ್ಮ ನಮ್ಮ ಕಟ್ಟೆಯ ಮೇಲೆ ನಿಂತು ನೋಡಿದೆವು. ಮುಂದೆ ಜಮಾದಾರ, ಹಿಂದೆ ದಶರಥ. ಹುಂಜ ಜಗದೇವಪ್ಪನವರ ಅಂಗಡಿಗೆ ನುಗ್ಗಿ ಹುರಿಗಡಲೆಯ ಚೀಲದ ಮೇಲೆ ಹತ್ತಿತು. "ಶಿವಾ ಶಿವಾ, ಹೊರಗ ಹಿಡಕೋ ಮಾರಾಯ" ಎಂದು ಅವರು ತಕ್ಕಡಿ ಎತ್ತಿ ಹಿಡಿದರು. ಅಲ್ಲಿಂದ ಹಾರಿದ್ದು ದಶರಥನ ಅಂಗಡಿಯ ಮುಂದೆ ಸಾಲಾಗಿ ನಿಲ್ಲಿಸಿದ್ದ ಸೈಕಲ್ಲುಗಳ ಮೇಲೆ. ಮೊದಲ ಸೈಕಲ್ಲು ಎರಡನೆಯದರ ಮೇಲೆ ಬಿತ್ತು, ಎರಡನೆಯದು ಮೂರನೆಯದರ ಮೇಲೆ, ಹಾಗೆಯೇ ಸಾಲು ಮುಗಿಯುವವರೆಗೆ. ಹುಂಜ ಕೊನೆಯ ಸೈಕಲ್ಲಿನ ಸೀಟಿನ ಮೇಲೆ ನಿಂತು ಕೂಗಿತು. ದಶರಥ ಹಾರಿ ಹಿಡಿದಾಗ ಅವನ ಕೈಗೆ ಸೀಟು ಬಂತು. ಆ ಸೀಟನ್ನು ಅವನೇ ಹಿಂದಿನ ದಿನ ಬಿಗಿ ಮಾಡಿದ್ದ.

ಹೀರಾಬಾಯಿ ಒಳಗಿಂದ ಬಂದಳು. ಸೆರಗಿನಲ್ಲಿ ಜೋಳ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಳು. ಎರಡು ಕಾಳು ಉದುರಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೆರಡು. "ಬಾ ಜಮಾದಾರ, ಬಾಪ," ಎಂದಳು. ಜಮಾದಾರ ಸೈಕಲ್ಲಿನಿಂದ ಇಳಿದು, ಕಾಳು ಹೆಕ್ಕುತ್ತ ಹೆಕ್ಕುತ್ತ ಅವಳ ಕಾಲ ಹತ್ತಿರ ಬಂತು. ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ಗಂಡನ ಕೈಗೆ ಕೊಟ್ಟಳು. ಕೊಯ್ದು ಹಸನು ಮಾಡುವ ಕೆಲಸವನ್ನು ಗೌಸಿಯಾಬೇಗಂಳ ಗಂಡ ಮುಗಿಸಿಕೊಟ್ಟ. ಚಾಕುವನ್ನು ಅವನು ಎರಡು ಸಲ ಮಸೆಯಬೇಕಾಯಿತು. ಅದೇ ಒಂದು ಸೂಚನೆಯಾಗಿತ್ತು, ದಶರಥನಿಗೆ ಅದನ್ನು ಗಮನಿಸಲು ಪುರುಸೊತ್ತು ಇರಲಿಲ್ಲ.

ಅಂಬಾರಾಯ ಸಂತೆ ಮುಗಿಸಿ ಬಂದಾಗ ಅಂಗಳದಲ್ಲಿ ಎಲ್ಲ ಸಿದ್ಧವಾಗಿತ್ತು. ಪತ್ತಾಗೋಬಿ, ಗಜ್ಜರಿ, ಉಳ್ಳಾಗಡ್ಡಿ ತಪ್ಪಲು, ಸೊಲ್ಲಾಪುರದಿಂದ ಬಂದು ಸ್ವಲ್ಪ ಸುಕ್ಕಾಗಿದ್ದ ಡಬ್ಬು ಮೆಣಸಿನಕಾಯಿ, ಎಲ್ಲವೂ ತಾಟುಗಳಲ್ಲಿ ಹೆಚ್ಚಿ ಕುಳಿತಿದ್ದವು. ಜಗದೇವಪ್ಪನವರ ಪಾಲಿನ ಕಾಯಿಪಲ್ಯವನ್ನು ಹೀರಾಬಾಯಿ ಬೇರೆ ಪಾತ್ರೆಯಲ್ಲಿ ಮೊದಲೇ ಹುರಿಸಿ ಕಳಿಸಿದ್ದಳು. ಅಂಬಾರಾಯ ಎಂದಿನಂತೆ ಹೊರಸಿನ ಅಂಚಿಗೆ ಕುಳಿತು ಬಶಿ ಕೈಗೆತ್ತಿಕೊಂಡ.

"ಕುಂದ್ರು ಅಂಬಾರಾಯ, ಎರಡು ಮಿನಿಟು," ಎಂದ ದಶರಥ.

"ಬಸ್ಸು ಬರೋ ಹೊತ್ತಾತು ಮಾಮಾ."

"ಬರ್ಲಿ. ಯಾರು ಮೊದಲು ಬರ್ತಾರ ನೋಡೂಣು."

ಸೀಮೆಎಣ್ಣೆಯ ಪಂಪ್ ಸ್ಟೋವಿಗೆ ಅವನು ಗಾಳಿ ಹೊಡೆದದ್ದು ಲಾರಿಯ ಟೈರಿಗೆ ಹೊಡೆದ ಹಾಗೆ. ಸ್ಟೋವು ಮೊದಲು ಗುರ್ ಎಂದಿತು, ಆಮೇಲೆ ಭೋರ್ಗರೆಯಿತು. ಗೌಸಿಯಾಬೇಗಂ ಗೋಡೆಯ ಮೇಲಿಂದ ಇಣುಕಿ, "ಭಾಯಿ, ನೀರೆತ್ತೋ ಇಂಜಿನ್ ತಂದೀರೇನು?" ಎಂದು ಕೇಳಿದಳು. ಘಮೇಲಾದ ಗುಂಡುತಳ ಸ್ಟೋವಿನ ಮೇಲೆ ಅಲುಗಾಡದಿರಲೆಂದು ಸುತ್ತ ಹಳೆಯ ಸೈಕಲ್ ಚೈನು ಸುತ್ತಿದ್ದ. ಎಣ್ಣೆ ಕಾಯಿತು, ಬೆಳ್ಳುಳ್ಳಿ ಚಟಪಟ ಎಂದಿತು, ಕೋಳಿ ಬಿತ್ತು. ಬೆಂಕಿಯ ಒಂದು ನಾಲಿಗೆ ಮೇಲೆದ್ದು ದಶರಥನ ಎಡ ಮೀಸೆಯನ್ನು ಮುಟ್ಟಿ ಹೋಯಿತು. ಅವನು ಲೆಕ್ಕಿಸಲಿಲ್ಲ. ತರಕಾರಿ ಸುರಿದ, ರೊಟ್ಟಿ ಮಗುಚುವ ಕಬ್ಬಿಣದ ಪಟ್ಟಿಯಿಂದ ಗರಗರ ತಿರುವಿದ, ಕರಿ ನೀರು ಹಾಕಿದ. ಅದು ನಿಜಕ್ಕೂ ಭುಸ್ ಎಂದಿತು.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಸೊಲ್ಲಾಪುರದವನು ಹಾರಿಸಿದ್ದು ನೆನಪಾಯಿತು. ದಶರಥ ಎರಡು ಕೈಗೂ ಬಟ್ಟೆ ಸುತ್ತಿಕೊಂಡು ಘಮೇಲಾ ಎತ್ತಿ ಒಮ್ಮೆ ಜೋರಾಗಿ ಝಾಡಿಸಿದ. ಎಲ್ಲವೂ ಮೇಲೆ ಹೋಯಿತು. ಕೆಳಗೆ ಬರುವಾಗ ಮುಕ್ಕಾಲು ಭಾಗ ಘಮೇಲಾದಲ್ಲಿಯೂ ಉಳಿದದ್ದು ಅಂಬಾರಾಯನ ಮೇಲೆಯೂ ಬಿತ್ತು. ಪಟಗಾದ ಮಡಿಕೆಯಲ್ಲಿ ಗಜ್ಜರಿ, ಭುಜದ ಮೇಲೆ ಪತ್ತಾಗೋಬಿ. ಅಂಬಾರಾಯ ಬಶಿಯಲ್ಲಿ ಬಿದ್ದ ಮೆಣಸಿನಕಾಯಿಯನ್ನು ಬೆರಳಿನಿಂದ ತೆಗೆದು ಪಕ್ಕಕ್ಕಿಟ್ಟು ಉಳಿದ ಚಹಾ ಕುಡಿದ. ಬೀಗರ ಮನೆಯಲ್ಲಿ ಹೀಗೆಲ್ಲ ಆಗುವುದನ್ನು ದೊಡ್ಡದು ಮಾಡಬಾರದೆಂದು ಅವನು ತಿಳಿದಿದ್ದ.

"ಆತು," ಎಂದ ದಶರಥ. ಬಸ್ಸಿನ ಸುಳಿವೂ ಇರಲಿಲ್ಲ. ತಾಟಿಗೆ ಹಾಕಿದಾಗ ಅದು ನೋಡಲು ಬಹಳ ಚಂದವಿತ್ತು. ಹಸಿರು, ಕೆಂಪು, ಕಪ್ಪು, ಮೇಲೆ ಹೊಗೆ. ಪಕ್ಕದಲ್ಲಿ ಹೀರಾಬಾಯಿಯ ಬಿಸಿ ಜೋಳದ ರೊಟ್ಟಿ. ಅಂಬಾರಾಯ ಒಂದು ತುಂಡು ಬಾಯಿಗೆ ಹಾಕಿಕೊಂಡ. ದಶರಥನೂ ಹಾಕಿಕೊಂಡ. ಇಬ್ಬರೂ ಅಗಿಯತೊಡಗಿದರು.

ಅಗಿದರು.

ಅಂಬಾರಾಯ ತುಂಡನ್ನು ಬಲದವಡೆಯಿಂದ ಎಡದವಡೆಗೆ ಸರಿಸಿದ. ಅಲ್ಲಿಂದ ಮತ್ತೆ ಬಲಕ್ಕೆ. ಅದು ಬಾಯಿಯೊಳಗೆ ಹೋದಾಗ ಎಷ್ಟಿತ್ತೋ ಅಷ್ಟೇ ಇತ್ತು, ಒಂದು ಕೂದಲಷ್ಟೂ ಕಡಿಮೆಯಾಗಲಿಲ್ಲ. ಜಮಾದಾರ ಬದುಕಿದ್ದಾಗ ಹೇಗೆ ಯಾರಿಗೂ ಮಣಿಯಲಿಲ್ಲವೋ ಈಗಲೂ ಹಾಗೆಯೇ ಇದ್ದ. ದಶರಥನ ಕಿವಿಯ ಹತ್ತಿರದ ನರ ಉಬ್ಬಿ ಇಳಿಯುತ್ತಿತ್ತು. ಮಾತಾಡಲು ಬಾಯಿ ಖಾಲಿ ಇರಲಿಲ್ಲ.

"ಹ್ಯಾಂಗ ಆಗ್ಯದೋ ಅಂಬಾ?" ಎಂದು ಹೀರಾಬಾಯಿ ಕೇಳಿದಳು.

ಅಂಬಾರಾಯ ಕೈ ಎತ್ತಿ ತಡೆಯಲು ಹೇಳಿದ. ಸ್ವಲ್ಪ ಹೊತ್ತಿನ ಮೇಲೆ ತುಂಡನ್ನು ಗಲ್ಲದ ಒಂದು ಬದಿಗೆ ಒತ್ತಿ ಇಟ್ಟು, "ಕಾಯಿಪಲ್ಯ ಭಾಳ ಛಲೋ ಆಗ್ಯದಕ್ಕಾ" ಎಂದು ಮತ್ತೆ ಅಗಿಯಲು ಹಿಡಿದ.

ಆ ಹೊತ್ತಿಗೆ ನಿಲ್ದಾಣದ ಕಡೆಯಿಂದ ಹಾರ್ನ್ ಕೇಳಿಸಿತು. ಅಂಬಾರಾಯ ಎದ್ದ. ಅಕ್ಕನ ಗಂಡ ಮೊದಲ ಸಲ ಕೈಯಾರೆ ಮಾಡಿ ಬಡಿಸಿದ ತುಂಡನ್ನು ಅವನ ಎದುರಿಗೇ ಉಗುಳುವುದು ಹೇಗೆ? ನುಂಗೋಣವೆಂದರೆ ಅದು ಗಂಟಲಿಗೆ ಇಳಿಯುವಂಥದಲ್ಲ. ಬಾಯಲ್ಲಿಟ್ಟುಕೊಂಡು ಓಡಿದರೆ ಓಣಿಯ ಮಂದಿ ಏನೆಂದಾರು? ಎದ್ದವನು ಕುಳಿತ. ಇನ್ನೊಮ್ಮೆ ಹಾರ್ನ್ ಆಯಿತು. ಮತ್ತೆ ಎದ್ದು ಮತ್ತೆ ಕುಳಿತ. ಬಸ್ಸು ಗೇರು ಬದಲಿಸಿ ಮಣ್ಣೂರಿನ ರಸ್ತೆ ಹಿಡಿದ ಸದ್ದು ಮೂವರೂ ಕೇಳಿದರು.

"ಬಸ್ಸು ಹೋತು," ಎಂದ ದಶರಥ, ಬಾಯಿ ಮುಚ್ಚಿಯೇ.

"ಎಮ್ಮಿ," ಎಂದ ಅಂಬಾರಾಯ. ಅಷ್ಟೇ ಹೇಳಲು ಅವನಿಗೆ ಸಾಧ್ಯವಾಯಿತು.

ಹೀರಾಬಾಯಿ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಅವಳ ಭುಜ ಕುಲುಕುತ್ತಿದ್ದುದನ್ನು ನೋಡಿ ಅಳುತ್ತಿದ್ದಾಳೆಂದು ದಶರಥ ಹೆದರಿದ. ಹತ್ತಿರ ಹೋಗಿ ನೋಡಿದರೆ ನಗು ತಡೆಯಲಾರದೆ ಸೆರಗು ಕಚ್ಚಿಕೊಂಡಿದ್ದಳು. "ಉಗುಳ್ರಿ ಇಬ್ಬರೂ," ಎಂದಳು. "ಹಲ್ಲು ಹೋದಾವು. ಟ್ಯೂಬು ತಿಂದಂಗ ಕಾಣ್ತದ."

ಘಮೇಲಾದಲ್ಲಿ ಉಳಿದಿದ್ದ ಕೋಳಿಯ ತುಂಡುಗಳನ್ನೆಲ್ಲ ಅವಳು ಆರಿಸಿ ತೆಗೆದು ಒಳಗೆ ಒಯ್ದಳು. ಒಲೆ ಹಚ್ಚಿದಳು. ಗಡಿಗೆಗೆ ನೀರು ಹಾಕಿದಳು. ಕೊತ್ತಂಬರಿ ಬೀಜ ಹುರಿಯುವ ವಾಸನೆ ಅಂಗಳಕ್ಕೆ ಬಂತು. ಮಣ್ಣೂರಿಗೆ ಇನ್ನು ಮರುದಿನ ಬೆಳಿಗ್ಗೆಯೇ ಬಸ್ಸು. ಅಂಬಾರಾಯ ಸ್ವಲ್ಪ ಹೊತ್ತು ಅಂಗಳದಲ್ಲಿ ಅತ್ತಿತ್ತ ತಿರುಗಾಡಿದ. ಆಮೇಲೆ ಚಪ್ಪಲಿ ಕಳೆದಿಟ್ಟು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತ, ಪಟಗಾ ಬಿಚ್ಚಿ ಅದರಲ್ಲಿನ ಗಜ್ಜರಿ ಕೊಡವತೊಡಗಿದ.

ಹೀರಾಬಾಯಿ ಅರೆಯುವುದನ್ನು ನಿಲ್ಲಿಸಿದಳು. ತಮ್ಮನ ತಲೆಯ ನಡುವೆ ಒಂದು ಕೂದಲೂ ಇರಲಿಲ್ಲ. ಅವಳು ಕಡೆಯ ಸಲ ಆ ತಲೆಗೆ ಎಣ್ಣೆ ಹಚ್ಚಿದಾಗ ಅಲ್ಲಿ ಕೈಗೆ ಸಿಕ್ಕಿಬೀಳುವಷ್ಟು ಕೂದಲಿತ್ತು.

"ಯಾವಾಗ ಹೋತೋ ಇದು?"

"ಹೋಗಿ ಭಾಳ ದಿನ ಆತಕ್ಕಾ."

"ಅವ್ವ ಇದ್ದಿದ್ರ ಹರಳೆಣ್ಣಿ ಹಚ್ಚತಿದ್ಲು."

"ಅವ್ವ ಹಚ್ಚಿದಕ್ಕ ಹೋಗಿದ್ದು ಅದು," ಎಂದ ಅಂಬಾರಾಯ. ಇಬ್ಬರೂ ನಕ್ಕರು. ಆಮೇಲೆ ಅವ್ವನ ಮಾತು ಬಂತು, ಭೀಮಾ ನದಿಗೆ ನೀರು ಬಂದಾಗ ಮನೆಯ ಮಾಳಿಗೆಯ ಮೇಲೆ ಕೋಳಿಗಳ ಜೊತೆ ಕುಳಿತದ್ದು ಬಂತು, ಸತ್ತುಹೋದ ಚಿಕ್ಕಪ್ಪ ಬಂದ. ಗಡಿಗೆ ಕುದಿಯುತ್ತಲೇ ಇತ್ತು. ಜಮಾದಾರ ಮೆತ್ತಗಾಗುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು. ಅಷ್ಟೂ ಹೊತ್ತು ದಶರಥ ಅಂಗಡಿಯ ಮುಂದೆ ಬೆಳಗಿನಿಂದ ಬಿದ್ದಿದ್ದ ಸೈಕಲ್ಲುಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸುತ್ತ, ಒಳಗಿನ ಮಾತಿಗೆ ಕಿವಿ ಕೊಡುತ್ತ, ಅರ್ಧ ಮೀಸೆಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಅಂದು ಅವನು ಯಾರನ್ನೂ ಅವಸರಪಡಿಸಲಿಲ್ಲ.

ಸಾರು ಅಮೃತದಂತಿತ್ತು. ಅಂಬಾರಾಯ ಎಷ್ಟು ರೊಟ್ಟಿ ಉಂಡನೆಂದು ಯಾರೂ ನೋಡಲಿಲ್ಲ. ಗೌಸಿಯಾಬೇಗಂಳಿಗೂ ಗೋಡೆಯ ಮೇಲಿಂದ ಒಂದು ಬಟ್ಟಲು ಹೋಯಿತು. ಅವಳು ರುಚಿ ನೋಡಿ, "ಜಿಂದಗಿದಾಗ ಪೈಲಾ ಸಲ ಜಮಾದಾರ ಒಳ್ಳೇ ಕೆಲಸ ಮಾಡ್ತು ನೋಡ್ರಿ" ಎಂದಳು.

ಮರುದಿನ ಬೆಳಿಗ್ಗೆ ಅಂಬಾರಾಯ ಮೊದಲ ಬಸ್ಸಿಗೆ ಹೊರಟು, ಮಣ್ಣೂರಿನಲ್ಲಿ ಇಳಿದು ಕೊಟ್ಟಿಗೆಯವರೆಗೆ ಓಡುತ್ತ ಹೋದ. ಎಮ್ಮೆ ಕಣ್ಣು ಅರೆ ಮುಚ್ಚಿ ಮೆಲುಕು ಹಾಕುತ್ತಿತ್ತು. ಅವನನ್ನು ನೋಡಿ ಕಿವಿಯನ್ನೂ ಅಲುಗಾಡಿಸಲಿಲ್ಲ.

"ಹಾಲು?" ಎಂದು ಕೇಳಿದ.

"ಹಿಂಡಿದ್ನೆಲಾ," ಎಂದಳು ಮಾಳಮ್ಮ. "ನಿನ್ನಿ ಸಂಜಿಗಿ ಹಿಂಡಿದೆ, ಇವತ್ತ ಮುಂಜಾನಿ ಹಿಂಡಿದೆ."

"ಒದಿಲಿಲ್ಲ?"

"ಯಾಕ ಒದಿತದ? ನೀವು ಹಿಂಡೋದಕ್ಕಿಂತ ಒಂದು ಚರಗಿ ಜಾಸ್ತಿನ ಕೊಟ್ಟಿತು."

ಅಂಬಾರಾಯ ಎರಡು ದಿನ ಎಮ್ಮೆಯ ಜೊತೆ ಮಾತಾಡಲಿಲ್ಲವಂತೆ. ಮೂರನೆಯ ದಿನ ಅವನ ಸಿಟ್ಟು ಇಳಿದು, ತಾನು ಬಿಡುವಾದ ಮನುಷ್ಯನೆಂಬುದು ತಿಳಿಯಿತು. ಅಂದಿನಿಂದ ಸಂತೆಗೆ ಬಂದರೆ ಅಕ್ಕನ ಮನೆಯಲ್ಲಿಯೇ ಉಳಿಯತೊಡಗಿದ. ಮೊದಮೊದಲು ಒಂದು ರಾತ್ರಿ. ಆಮೇಲೆ ಸಂತೆಯ ಹಿಂದಿನ ದಿನವೇ ಬರುತ್ತಿದ್ದ, ಮರುದಿನ ಊಟ ಮಾಡಿ ಹೋಗುತ್ತಿದ್ದ. ದಶರಥನ ಅಂಗಡಿಯ ಮುಂದೆ ಹೊರಸು ಹಾಕಿಕೊಂಡು ಕುಳಿತು, "ಆ ನಟ್ಟು ಬಿಗಿ ಆಗಿಲ್ಲ ಮಾಮಾ" ಎಂದು ತೋರಿಸುತ್ತಿದ್ದ. ದಶರಥ ಒಮ್ಮೆ ನನ್ನ ಹತ್ತಿರ, "ಆ ಎಮ್ಮಿಗೊಂದು ಬುದ್ಧಿ ಇಲ್ಲ ನೋಡ್ರಿ, ಒಂದ್ಸಲ ಆದ್ರೂ ಒದಿಬೇಕಿತ್ತು" ಎಂದು ಹೇಳಿಕೊಂಡ. ಆದರೆ ನಟ್ಟುಗಳನ್ನು ಬಿಗಿ ಮಾಡುತ್ತಿದ್ದ. ಅಂಗಡಿಗೆ ವಾಪಸು ಬರುವ ಸೈಕಲ್ಲುಗಳು ಕಡಿಮೆಯಾದವು.

ಕಾಯಿಪಲ್ಯ ಮಾತ್ರ ಓಣಿಯಲ್ಲಿ ಹೆಸರು ಮಾಡಿತು. ಜಗದೇವಪ್ಪನವರು ತಮ್ಮ ಪಾಲಿನದನ್ನು ತಿಂದು ತಟ್ಟೆ ತೊಳೆದು ಕಳಿಸಿದ್ದರು. ಮುಂದಿನ ವಾರದಿಂದ ಅವರ ಮನೆಯಲ್ಲಿಯೂ ಗುರೆಳ್ಳು, ಬೆಲ್ಲ, ಹುಣಸೆಯ ಕರಿ ನೀರು ಹಾಕಿ ಪತ್ತಾಗೋಬಿ ಹುರಿಯತೊಡಗಿದರು. ಅದಕ್ಕೆ ಅವರು ಇಟ್ಟ ಹೆಸರು 'ಸೊಲ್ಲಾಪುರ ಪಲ್ಯ'. ಸೊಲ್ಲಾಪುರದವರು ಯಾರಾದರೂ ಬಂದು ತಿಂದರೆ ಇದೇನೆಂದು ಕೇಳುತ್ತಿದ್ದರು.

ತೊಂಬತ್ನಾಲ್ಕರ ಸುಮಾರಿಗೆ ಅಫಜಲಪುರಕ್ಕೆ ಬಿಳಿ ಕೋಳಿಯ ಅಂಗಡಿ ಬಂತು. ಅದರ ಮಾಂಸ ಬೆಂಕಿ ಕಂಡರೆ ಸಾಕು ಬೇಯುತ್ತದೆಂಬ ಸುದ್ದಿ ಕೇಳಿ ದಶರಥ ಮತ್ತೊಮ್ಮೆ ಅಂಗಳದಲ್ಲಿ ಸ್ಟೋವಿಗೆ ಗಾಳಿ ಹೊಡೆದ. ಈ ಸಲ ಮಾಳಮ್ಮನೂ ಬಂದಿದ್ದಳು. ಗಂಡನನ್ನು ಇಷ್ಟು ಹಿಡಿದಿಟ್ಟುಕೊಂಡಿರುವ ಮನೆ ಹೇಗಿದೆ ನೋಡಬೇಕೆಂದು ಅವಳಿಗೂ ಆಸೆಯಾಗಿತ್ತು. ಕೋಳಿ ನಿಜಕ್ಕೂ ಕ್ಷಣದಲ್ಲಿ ಬೆಂದಿತು, ಹಲ್ಲಿಗೆ ಮೆತ್ತಗೆ ಸಿಕ್ಕಿತು. ಉಪ್ಪು ಹಾಕುವುದು ಮರೆತಿತ್ತು, ಎಲ್ಲರೂ ಮೇಲೆ ಉದುರಿಸಿಕೊಂಡು ಉಂಡರು. ಹೀರಾಬಾಯಿ ಒಂದು ತುಂಡು ತಿಂದು ಬಹಳ ಯೋಚಿಸಿ, "ರುಚಿ ಅದ," ಎಂದಳು. ಅವಳ ಬಾಯಿಂದ ಅಷ್ಟು ಬರಲು ಅಡುಗೆಗಿಂತ ಹೆಚ್ಚು ಹೊತ್ತು ಹಿಡಿದಿತ್ತು.

ಅವರು ಉಣ್ಣುತ್ತಿದ್ದಾಗ ಯಾರೋ ಪರಊರಿನವನು ಗಾಳಿ ಹೋದ ಸೈಕಲ್ಲು ನೂಕಿಕೊಂಡು ಬಂದು ಬಾಗಿಲಲ್ಲಿ ನಿಂತ. ಬಿಸಿಲಲ್ಲಿ ನಡೆದು ಮುಖ ಕೆಂಪಾಗಿತ್ತು. ಮಾಳಮ್ಮ ಅವನಿಗೊಂದು ತಾಟು ಹಾಕಿದಳು. ಅವನು ಸಂಕೋಚದಿಂದ ಕುಳಿತು, ಉಂಡು, ಇನ್ನೊಂದು ರೊಟ್ಟಿ ಇಸಿದುಕೊಂಡು, ಕೈ ತೊಳೆದು, ಎಲ್ಲರಿಗೂ ಕೈ ಮುಗಿದು ಹೊರಟುಹೋದ. ಊರ ಹೊರಗಿನ ಬೇವಿನ ಮರದವರೆಗೆ ಸೈಕಲ್ಲು ನೂಕಿಕೊಂಡು ಹೋದಮೇಲೆ ತಾನು ಯಾಕೆ ನೂಕುತ್ತಿದ್ದೇನೆಂದು ಅವನಿಗೆ ನೆನಪಾಗಿ ತಿರುಗಿ ಬಂದ. ದಶರಥ ಆಗಲೇ ಹೊರಸಿನ ಮೇಲೆ ಒರಗಿದ್ದ.

"ಕುಂದ್ರಪ್ಪ," ಎಂದ ದಶರಥ ಕಣ್ಣು ತೆರೆಯದೆ, "ಈಗರೆ ಉಂಡೀವಿ. ಸ್ವಲ್ಪ ಹೊತ್ತು ಬಿಟ್ಟು ನೋಡೂಣು."